ಓನರಮ್ಮನ ಬಲಗಾಲು

ಓನರಮ್ಮನ ಬಲಮಂಡಿಯ ಮೇಲೆ ಗೇಣುದ್ದದ ಗಾಯದ ಗುರುತಿತ್ತು. ಯಾರಾದರೂ ಮಂಡಿನೋವು ಅಂದರೆ ಸಾಕು, ಸೀರೆ ಸರಿಸಿ ತೋರಿಸಿ, "ಒಳಗೆ ಲೋಹ ಹಾಕ್ಸ್ಕೊಂಡಿವ್ನಿ. ಆದ್ರೂ ನಿಮ್ಗಿಂತ ಬಿರ್ರನೆ ನಡೀತೀನಿ" ಎನ್ನುತ್ತಿದ್ದರು.

ವೈಟ್‌ಫೀಲ್ಡ್ ಹಿಂದಿನ ಹಳ್ಳಿಯಲ್ಲಿ ರಾಗಿ ಬೆಳೆಯುತ್ತಿದ್ದ ಮನೆತನ ಅವರದು. ಹೊಲವಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳು. ನಾವಿದ್ದದ್ದು ಮೊದಲ ಮಹಡಿಯಲ್ಲಿ. ಆ ಬೀದಿಯಲ್ಲಿ ಯಾರಿಗೆ ಮಗುವಾದರೂ ಬಚ್ಚಲಲ್ಲಿ ಕಾಲು ನೀಡಿ ಕೂತು, ಮಗುವನ್ನು ಕಾಲಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ ಎರೆಯುವವರು ಅವರೇ. ನಾನು ಬಸುರಿಯೆಂದು ತಿಳಿದಾಗ, "ಅವ್ವ ಇಲ್ಲ ಅಂತ ಕೊರಗ್ಬೇಡ ಕಣವ್ವ. ನಿನ್ ಮಗೀಗೆ ನಾನ್ ಎರೀತೀನಿ" ಎಂದಿದ್ದರು.

ಅಷ್ಟರಲ್ಲಿ ಆ ಮಂಡಿಯೇ ಕೈಕೊಟ್ಟಿತು. ಹಿಂದೆ ಹಾಕಿಸಿದ್ದ ಕೀಲು ಸಡಿಲಾಗಿ, ಗೋಡೆ ಹಿಡಿಯದೆ ನಡೆಯಲಾಗದಂತಾಯಿತು. ಆಸ್ಪತ್ರೆಗೆ ನಾನೇ ಜೊತೆಗೆ ಹೋದೆ. ಹಳೆಯದನ್ನು ತೆಗೆದು ಹೊಸದು ಕೂರಿಸಬೇಕು, ರೋಬೋಟ್ ನೆರವಿನಿಂದ ಮಾಡುತ್ತೇವೆ ಎಂದರು ಡಾಕ್ಟರು.

"ಕುಯ್ಯೋದು ಅದಾ, ನೀವಾ?" ಓನರಮ್ಮ ಕೇಳಿದರು.

"ನಾನೇ ಅಮ್ಮ. ಮೂಳೆ ಆಗ್ಲೇ ಸ್ವಲ್ಪ ಹೋಗಿದೆ. ಉಳಿದಿದ್ದು ಜಾಸ್ತಿ ಹೋಗ್ಬಾರ್ದಲ್ಲ? ಕುಯ್ಯೋವಾಗ ನಾನು ಮೊದಲೇ ಗುರುತು ಮಾಡಿದ ಗೆರೆ ದಾಟಿದ್ರೆ ಆ ಯಂತ್ರ ತಡೆಯುತ್ತೆ."

"ಅಂಗಾದ್ರೆ ಆಮ್ಯಾಕೆ ನೆಲದ ಮ್ಯಾಲೆ ಕೂರ್ಬೋದಾ?"

"ನಡೆಯೋ ಹಾಗೆ ಮಾಡೋಕೆ ನೋಡ್ತೀನಿ. ನೆಲದ ಮೇಲೆ ಕೂರೋದು ಮಾತ್ರ ಇನ್ನು ಬೇಡಮ್ಮ."

ವಾಪಸ್ಸು ಬರುವಾಗ ಆಟೋ ಮಾರತ್ತಹಳ್ಳಿ ದಾಟಿತು. ಓನರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಊರ್ ಮಕ್ಕಳಿಗೆಲ್ಲ ಎರ್ದೆ. ನಿನ್ ಮಗೀಗೇ ಇಲ್ದಂಗಾಯ್ತಲ್ಲವ್ವ" ಎಂದರು. ನಾನು ಅವರ ಕೈ ಹಿಡಿದುಕೊಂಡೆ.

ಆಪರೇಷನ್ ಆಯಿತು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿಯನ್ನು ದಿನವೂ ಬೈದರು: "ಇವಳಿಗಿಂತ ಆ ರೋಬೋಟೇ ವಾಸಿ!" ಬೈಯುತ್ತಲೇ ಕಾಲು ಮಡಿಸಿದರು, ನೀಡಿದರು. ವಾಕರ್ ಬಿಟ್ಟು ಕೋಲು ಹಿಡಿದರು.

ಹೆರಿಗೆಯಾಗಿ ನಾನು ಚೇತರಿಸಿಕೊಂಡ ಮೇಲೆ ಒಂದು ಬೆಳಿಗ್ಗೆ ಕೋಲೂರಿ ಮೆಟ್ಟಿಲು ಹತ್ತಿ ಬಂದರು. ಬಚ್ಚಲ ಬಾಗಿಲಿಗೆ ಕುರ್ಚಿ ಹಾಕಿಸಿಕೊಂಡು ಕೂತು, "ನೀನ್ ಕೆಳಗೆ ಕೂತ್ಕೊ. ಕಾಲ್ ನೀಡು" ಎಂದರು.

"ಭಯ ಆಗುತ್ತೆ ಅಮ್ಮ. ಜಾರಿಬಿಟ್ರೆ?"

"ನಾನಿಲ್ವಾ? ನೀನ್ ಎದ್ರುಕೊಂಡ್ರೆ ಮಗಾನೂ ಎದ್ರುಕೊತದೆ. ನಿನ್ ಕಾಲಿನ್ ಬಿಸಿ ಅದಕ್ಕೆ ಗೊತ್ತಾಗ್ಲಿ, ಸುಮ್ಗಾಯ್ತದೆ."

ಅವರು ಹೇಳಿದಂತೆ ಎಣ್ಣೆ ತಿಕ್ಕಿದೆ, ನೀರಿನ ಹದ ನೋಡಿ ಹೊಯ್ದೆ. ಅಳುತ್ತಿದ್ದ ಮಗು ನಿಧಾನವಾಗಿ ಸುಮ್ಮನಾಯಿತು. ತಲೆಯೆತ್ತಿ ನೋಡಿದರೆ, ಕುರ್ಚಿಯಲ್ಲಿ ಕೂತ ಓನರಮ್ಮನ ಎರಡೂ ಕೈ ಬರಿಗಾಳಿಯಲ್ಲೇ ಮಗುವಿನ ಬೆನ್ನು ಸವರುತ್ತಿದ್ದವು.

ಕೊನೆಯವರೆಗೂ ಆ ಕಾಲಿನಲ್ಲೇ ಬೀದಿಯೆಲ್ಲ ಓಡಾಡಿದರು. ಹೋದ ವರ್ಷ ಎದೆನೋವು ಬಂದು ತೀರಿಕೊಂಡರು. ನನ್ನ ಎರಡನೆಯ ಮಗಳು ಹುಟ್ಟಿದ್ದು ಆಮೇಲೆ.

"ಎರೆಯೋಕೆ ಯಾರನ್ನಾದ್ರೂ ಕರೆಸೋಣ್ವಾ?" ಎಂದು ಗಂಡ ಕೇಳಿದರು.

"ಬೇಡ," ಎಂದೆ. "ನನಗೆ ಬರುತ್ತೆ."