ಕಾಶಿಯಲ್ಲಿ ಬಿಟ್ಟ ಬದನೆಕಾಯಿ

ಜನರಿಗೆ ಪ್ರಶ್ನೆ ಕೇಳುವುದೇ ನನ್ನ ಹೊಟ್ಟೆಪಾಡು. ವಾರಾಣಸಿಯ ವಿಶ್ವವಿದ್ಯಾಲಯವೊಂದರಲ್ಲಿ ಸಮುದಾಯ ಆರೋಗ್ಯದ ಪಾಠ ಮಾಡುತ್ತೇನೆ. ಪಾಠ ಮುಗಿದ ಮೇಲೆ ಪ್ರಶ್ನಾವಳಿ ಹಿಡಿದುಕೊಂಡು ಗಲ್ಲಿ ಗಲ್ಲಿ ಅಲೆಯುತ್ತೇನೆ. ಮೊದಮೊದಲು ನನ್ನ ಪ್ರಶ್ನಾವಳಿಗಳು ಹನುಮಂತನ ಬಾಲದಷ್ಟು ಉದ್ದವಿರುತ್ತಿದ್ದವು. ಈ ಊರಿನವರೋ ಧಾರಾಳಿಗಳು. ಹೋದ ಕೂಡಲೇ ಕೂರಿಸಿ, ಚಹಾ ಕೊಟ್ಟು, ತಾವೇ ಪ್ರಶ್ನೆ ಶುರುಮಾಡುತ್ತಾರೆ: ಯಾವ ಊರು, ಗಂಡನಿಗೆ ಏನು ಕೆಲಸ, ಮಕ್ಕಳೆಷ್ಟು, ಒಂದೇ ಯಾಕೆ? ಅವರ ಪ್ರಶ್ನಾವಳಿ ಮುಗಿಯುವ ಹೊತ್ತಿಗೆ ನನ್ನದು ಇನ್ನೂ ಮೊದಲ ಪುಟದಲ್ಲೇ ಇರುತ್ತಿತ್ತು. ಆಮೇಲೆ ಅವರಿಗೂ ಸಾಕಾಗಿ, ಇವಳು ಎದ್ದು ಹೋದರೆ ಸಾಕು ಎಂದು ಎಲ್ಲದಕ್ಕೂ ಹೌದು ಎನ್ನುತ್ತಿದ್ದರು. ಅಸ್ಸಿ ಘಾಟಿನ ಹತ್ತಿರ ಒಬ್ಬ ಮುದುಕರಿಗೆ ಪುಟ ತಪ್ಪಿ, ಈಗ ಗರ್ಭಿಣಿಯಾಗಿದ್ದೀರಾ ಎಂದು ಕೇಳಿಬಿಟ್ಟಿದ್ದೆ. ಅವರು ಎಲೆಅಡಿಕೆ ಜಗಿಯುತ್ತಲೇ "ಹಾಂ ಬಿಟಿಯಾ, ಲಿಖ್ ದೋ" ಎಂದರು. ಬರೆದುಕೋ ಮಗಳೇ, ಅಂತ.

ಅಂದಿನಿಂದ ನಾನು ಚಿಕ್ಕ ಪ್ರಶ್ನಾವಳಿಗಳ ಪಕ್ಷ ಸೇರಿದೆ. ಐದೇ ಪ್ರಶ್ನೆ. ಹೌದು ಅಥವಾ ಇಲ್ಲ, ಎರಡೇ ಉತ್ತರ. ಹೌದು ಎಂದರೆ ಒಂದು ಅಂಕ. ಅಂಕ ಹೆಚ್ಚಾದರೆ ಆ ಮನುಷ್ಯನನ್ನು ವೈದ್ಯರ ಹತ್ತಿರ ಕಳಿಸಬೇಕು ಎಂದು ಅರ್ಥ. ಇಂಥದ್ದು ಆಸ್ಪತ್ರೆಯ ನೂಕುನುಗ್ಗಲಿಗೂ ಆಗಿಬರುತ್ತದೆ, ಶಾಲೆಯ ಗದ್ದಲಕ್ಕೂ ಆಗಿಬರುತ್ತದೆ. ಒಂದೇ ಕಟ್ಟುನಿಟ್ಟು: ಮರುಪ್ರಶ್ನೆ ಹಾಕಬಾರದು. ಯಾಕೆ, ಏನು, ಹೇಗೆ ಎಂದು ಕೆದಕಿದರೆ ಅಳತೆ ಕೆಡುತ್ತದೆ. ಇದನ್ನು ನನ್ನ ವಿದ್ಯಾರ್ಥಿಗಳಿಗೆ ಎಷ್ಟು ಸಲ ಹೇಳಿದ್ದೇನೆಂದರೆ, ಅವರು ನನ್ನ ಬೆನ್ನ ಹಿಂದೆ ಅದೇ ಧ್ವನಿಯಲ್ಲಿ ಅಣಕಿಸುತ್ತಾರೆ. ನನಗೂ ಕೇಳಿಸಿದೆ.

ಕಳೆದ ಚಳಿಗಾಲದಲ್ಲಿ ವಯಸ್ಸಾದವರ ಮನಸ್ಸಿನ ಆರೋಗ್ಯಕ್ಕೆಂದು ಅಂಥದೊಂದು ಪ್ರಶ್ನಾವಳಿ ಸಿದ್ಧವಾಯಿತು. ಹನುಮಾನ್ ಘಾಟಿನ ಗಲ್ಲಿಗಳಲ್ಲಿ ಕಾಶಿವಾಸಕ್ಕೆಂದು ಬಂದು ಉಳಿದಿರುವ ನಮ್ಮ ಕಡೆಯ ಹಿರಿಯರಿಗಾಗಿ ಅದರ ಕನ್ನಡ ರೂಪವನ್ನು ನಾನೇ ಬರೆದೆ. ಮೊದಲು ಇಷ್ಟಪಡುತ್ತಿದ್ದುದನ್ನು ಈಚೆಗೆ ಬಿಟ್ಟಿದ್ದೀರಾ? ಊಟ ಕಡಿಮೆಯಾಗಿದೆಯೇ? ಬೆಳಕು ಹರಿಯುವ ಮೊದಲೇ ಎಚ್ಚರವಾಗುತ್ತದೆಯೇ? ಸಾವಿನ ಯೋಚನೆ ಬರುತ್ತದೆಯೇ? ನಮ್ಮವರಿಂದ ದೂರವಾಗಿದ್ದೇನೆ ಎನಿಸುತ್ತದೆಯೇ? ಬರೆದು ಮುಗಿಸಿ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಅಷ್ಟು ಚೊಕ್ಕವಾಗಿತ್ತು.

ಹೊಸ ಪ್ರಶ್ನಾವಳಿಯನ್ನು ಮೊದಲು ಅಡುಗೆಮನೆಯಲ್ಲಿ ಪರೀಕ್ಷಿಸುವುದು ನನ್ನ ಪದ್ಧತಿ. ಆ ಸಲ ಅಡುಗೆಮನೆಯಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದವರು ನನ್ನ ಅತ್ತೆ. ಕಾರ್ತಿಕಸ್ನಾನಕ್ಕೆಂದು ಹುಬ್ಬಳ್ಳಿಯಿಂದ ಬಂದವರು, ಕಾರ್ತಿಕ ಮುಗಿದು ಮಾಘ ಬಂದರೂ ಹೋಗುವ ಮಾತೆತ್ತಿರಲಿಲ್ಲ. ಹುಬ್ಬಳ್ಳಿಯಲ್ಲಿ ಅವರ ಜೊತೆ ಇರುವುದು ಕಿರಿಯ ಮಗ, ಅಂದರೆ ನನ್ನ ಮೈದುನ. ಹೈಸ್ಕೂಲಿನ ಗಣಿತದ ಮೇಷ್ಟ್ರು, ಮದುವೆಯಾಗಿಲ್ಲ. ದಿನವೂ ಸಂಜೆ ಅತ್ತಿಗೆಯಾದ ನನಗೆ ಅವನ ಫೋನು: "ವೈನಿ, ಅವ್ವನ್ನ ಯಾವಾಗ ಕಳಸ್ತೀರಿ? ಅಲ್ಲಿ ಕನ್ನಡ ಮಾತಾಡವರ ಇಲ್ಲ, ಚಳಿ ಬ್ಯಾರೆ. ಸೊರಗ್ತಾಳ." ಅತ್ತೆಯೇನೂ ಸೊರಗಿದಂತೆ ನನಗೆ ಕಾಣುತ್ತಿರಲಿಲ್ಲ. ನಸುಕಿನಲ್ಲೇ ಎದ್ದು ಟೋಟೋ ಎಂಬ ಬ್ಯಾಟರಿ ರಿಕ್ಷಾ ಹತ್ತಿ ಹನುಮಾನ್ ಘಾಟಿಗೆ ಹೋಗುತ್ತಿದ್ದರು. ನಾನು ಹದಿನೈದು ವರ್ಷದಲ್ಲಿ ಕಲಿಯದ ಭೋಜಪುರಿಯನ್ನು ತರಕಾರಿಯವನ ಜೊತೆ ಜಗಳವಾಡುತ್ತಲೇ ಕಲಿತುಬಿಟ್ಟಿದ್ದರು.

ನಾನು ಪ್ರಶ್ನೆ ಓದಿದೆ. ಅವರು ಬಟಾಣಿಯಿಂದ ಕಣ್ಣೆತ್ತದೆ ಉತ್ತರಿಸಿದರು. ಇಷ್ಟವಾದದ್ದನ್ನು ಬಿಟ್ಟಿದ್ದೀರಾ? "ಹೂಂ, ಬಿಟ್ಟೀನಿ." ಊಟ ಕಡಿಮೆಯಾಗಿದೆಯೇ? "ಹೌದಲ್ಲ, ಒಪ್ಪತ್ತು." ಬೇಗ ಎಚ್ಚರ? "ಹೂಂ." ಸಾವಿನ ಯೋಚನೆ? "ದಿನಾ ಬರ್ತದವಾ." ದೂರವಾಗಿದ್ದೇನೆ ಎನಿಸುತ್ತದೆಯೇ? "ಹುಬ್ಬಳ್ಳಿ ಏನು ಸಮೀಪ ಅದ ಏನು?" ಐದಕ್ಕೆ ಐದು. ಏನು ಬಿಟ್ಟಿರಿ, ಯಾಕೆ ಬಿಟ್ಟಿರಿ ಎಂದು ಕೇಳಲು ನಾಲಿಗೆ ತುರಿಸಿತು. ಆದರೆ ಮರುಪ್ರಶ್ನೆ ಹಾಕಬಾರದಲ್ಲ! ಅಂಕ ಕೂಡಿಸಿ ಹಾಳೆ ಮಡಚಿದೆ.

ಊಟದ ಹೊತ್ತಿಗೆ ಗಂಡನ ಕಿವಿಯಲ್ಲಿ ಹೇಳಿದೆ. ಪಕ್ಕದಲ್ಲಿದ್ದ ಮಗಳಿಗೆ ಕೇಳಿಸಿತು. ಮನೆಯಲ್ಲಿ ಕನ್ನಡ ಕೇಳಿ ಹಿಂದಿಯಲ್ಲಿ ಉತ್ತರಿಸುವ ಹುಡುಗಿ ಅವಳು. "ಅರೇ ವಾಹ್, ದಾದೀ ನೇ ಟಾಪ್ ಕಿಯಾ!" ಎಂದು, ಅಜ್ಜಿಯೇ ಫಸ್ಟು ಬಂದಂತೆ ಚಪ್ಪಾಳೆ ತಟ್ಟಿದಳು. ಅತ್ತೆಯೂ ನಕ್ಕರು. ಅವರಿಗೆ ಗೊತ್ತಿರಲಿಲ್ಲ, ನನ್ನ ಗಂಡ ಆ ಹೊತ್ತಿಗಾಗಲೇ ಬಾಲ್ಕನಿಯಲ್ಲಿ ನಿಂತು ತಮ್ಮನಿಗೆ ಫೋನು ಹಚ್ಚಿದ್ದರು. ಮೈದುನ ಒಂದೇ ಮಾತು ಹೇಳಿದನಂತೆ: "ನಾ ಮೊದಲ ಹೇಳಿದ್ದೆ. ನಾನ ಬಂದು ಕರಕೊಂಡು ಹೋಗ್ತೀನಿ." ಇಬ್ಬರ ಟಿಕೆಟ್ಟೂ ತೆಗೆಸಿದ.

ಮರುದಿನ ಹನುಮಾನ್ ಘಾಟಿಗೆ ಹೋದೆ. ಯಾತ್ರಿಕರು ಇಳಿದುಕೊಳ್ಳುವ ಒಂದು ಹಳೇ ಮನೆಯ ಜಗಲಿಯ ಮೇಲೆ ಬಿಸಿಲು ಕಾಯಿಸುತ್ತ ನಮ್ಮ ಹಿರಿಯರು ಸಾಲಾಗಿ ಕೂತಿದ್ದರು. ಒಬ್ಬೊಬ್ಬರನ್ನೇ ಬೇರೆ ಕೂರಿಸಿ ಕೇಳಬೇಕೆಂಬುದು ನಿಯಮ. ಆದರೆ ಆ ಜಗಲಿಯಲ್ಲಿ ಒಬ್ಬರಿಗೆ ಕೇಳಿದ್ದಕ್ಕೆ ಎಲ್ಲರೂ ಉತ್ತರ ಕೊಡುತ್ತಾರೆ. ಸಾವಿನ ಪ್ರಶ್ನೆ ಓದಿದ್ದೇ ತಡ, ಮೈಸೂರು ಕಡೆಯ ಒಬ್ಬ ಅಜ್ಜಿ ನನ್ನನ್ನು ಮರುಕದಿಂದ ನೋಡಿದರು.

"ಅದಕ್ಕೇ ಅಲ್ವೇನಮ್ಮ ಕಾಶಿಗೆ ಬಂದಿರೋದು? ದಿನಾ ಹರಿಶ್ಚಂದ್ರ ಘಾಟ್‌ನ ಚಿತೆಗಳನ್ನ ದಾಟ್ಕೊಂಡೇ ತರಕಾರಿಗೆ ಹೋಗ್ತೀವಿ. ಯೋಚನೆ ಬರದೇ ಇರುತ್ತಾ?"

ಬೆಳಕು ಹರಿಯುವ ಮೊದಲು ಏಳುತ್ತೀರಾ ಎಂದರೆ, ಏಳದಿದ್ದರೆ ಸ್ನಾನ ನಿಮ್ಮಪ್ಪ ಮಾಡ್ತಾನಾ ಎಂಬಂತೆ ನೋಡಿದರು. ಊಟ ಕಡಿಮೆ, ಎಲ್ಲರದ್ದೂ ಒಪ್ಪತ್ತು. ದೂರವಾಗಿದ್ದೀರಾ? ಎರಡು ದಿನದ ರೈಲು ಪ್ರಯಾಣವಮ್ಮಾ! ಹೀಗೆ ಜಗಲಿಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲರೂ ಐದಕ್ಕೆ ಐದು ಪಡೆದು ಪಾಸಾದರು. ಪೂರ್ತಿ ಅಂಕ ಬಂದಿದೆ ಎಂದು ಗೊತ್ತಾದಾಗ ಅವರಿಗಾದ ಸಂತೋಷವನ್ನು ಹೇಳಲಾರೆ. ಮೈಸೂರಿನ ಅಜ್ಜಿ "ನಂದೂ ಫುಲ್ ಮಾರ್ಕ್ಸಾ?" ಎಂದು ಎರಡು ಸಲ ಖಾತ್ರಿ ಮಾಡಿಕೊಂಡರು. ನಿಯಮದ ಪ್ರಕಾರ ಇವರನ್ನೆಲ್ಲ ಟೋಟೋಗಳಲ್ಲಿ ತುಂಬಿ ಮನೋವೈದ್ಯರ ಬಾಗಿಲಿಗೆ ಒಯ್ಯಬೇಕಿತ್ತು. ಆ ಮೆರವಣಿಗೆಯನ್ನು ನೆನೆದೇ ನನಗೆ ತಲೆತಿರುಗಿತು.

ಮೊದಲ ಪ್ರಶ್ನೆಯ ಗುಟ್ಟು ಬಯಲಾದದ್ದು ಪಕ್ಕದ ಅಜ್ಜ ಬಾಯಿ ಹಾಕಿದಾಗ. "ಈಯಮ್ಮಂಗೆ ಮಾತ್ರ ಆ ಅಂಕ ಕೊಡ್ಬೇಡಿ. ಇವರು ಬಿಟ್ಟಿರೋದು ಹಾಗಲಕಾಯಿ. ಅದು ಇಷ್ಟವಾದದ್ದಾ?"

ಅಜ್ಜಿ ಕೆರಳಿದರು. "ನೀವು ಬಿಟ್ಟಿರೋ ಸೀಬೆಹಣ್ಣು ಯಾಕೆ ಅಂತ ಹೇಳ್ಲಾ? ಬಾಯಲ್ಲಿ ಹಲ್ಲಿದ್ರಲ್ವಾ ತಿನ್ನೋದು!"

ಜಗಲಿಯೆಲ್ಲ ಬಿದ್ದು ಬಿದ್ದು ನಕ್ಕಿತು. ನಾನು ಮಾತ್ರ ನನ್ನ ಮೊದಲ ಪ್ರಶ್ನೆಯನ್ನು ಮತ್ತೊಮ್ಮೆ ಓದಿಕೊಂಡೆ. ಕಾಶಿಗೆ ಬಂದವರು ತಮಗೆ ಪ್ರಿಯವಾದ ಒಂದು ಹಣ್ಣನ್ನೋ ಕಾಯಿಯನ್ನೋ ಗಂಗೆಯ ಎದುರು ಶಾಶ್ವತವಾಗಿ ಬಿಡುತ್ತಾರೆ. ನನ್ನ ಅಜ್ಜಿ ಬಿಟ್ಟಿದ್ದರು, ಅವರ ಅಜ್ಜಿಯೂ ಬಿಟ್ಟಿರಬೇಕು. ಇದನ್ನು ತಿಳಿಯದ ಕನ್ನಡದ ಮಗು ಇಲ್ಲ. ಇದೇ ಕಾಶಿಯಲ್ಲಿ ಕೂತು, ಇದೇ ಕನ್ನಡದಲ್ಲಿ ಇಂಥ ಪ್ರಶ್ನೆ ಬರೆದು ಬೆನ್ನು ತಟ್ಟಿಕೊಂಡವಳು ನಾನು. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಇದಕ್ಕೇ.

ಮನೆಗೆ ಬಂದವಳೇ ಚಪ್ಪಲಿ ಬಿಡುವ ಮೊದಲೇ ಕೇಳಿದೆ, "ಅತ್ಯಾ, ನೀವು ಬಿಟ್ಟಿದ್ದು ಏನು?"

"ಬದನೀಕಾಯಿ," ಎಂದರು. "ಯಾಕ, ನಿನಗ ಗೊತ್ತಿಲ್ಲೇನು?"

ನನಗೆ ಗೊತ್ತಿರಲಿಲ್ಲ. ಇಲ್ಲಿಯ ಬದನೆ, ಇವರು ಭಂಟಾ ಎನ್ನುವುದು, ಮಗುವಿನ ತಲೆಯಷ್ಟು ದೊಡ್ಡದು. ನಾನು ಅದನ್ನು ಮಾಡಿದಾಗಲೆಲ್ಲ ಅತ್ತೆ ತಟ್ಟೆ ಸರಿಸುತ್ತಿದ್ದರು. ಹುಬ್ಬಳ್ಳಿಯವರಿಗೆ ಇದು ಒಗ್ಗುವುದಿಲ್ಲ ಎಂದುಕೊಂಡಿದ್ದೆ. ಎಣ್ಣೆಗಾಯಿ ಎಂದರೆ ಪ್ರಾಣ ಬಿಡುವ ಹೆಂಗಸು ಅದನ್ನೇ ಬಿಟ್ಟಿದ್ದಾರೆಂದು ಹೊಳೆಯಲೇ ಇಲ್ಲ.

ಟಿಕೆಟ್ಟಿನ ವಿಷಯ ಹೇಳಿದೆ. ಅವರ ಮುಖ ಬಾಡಿತು. "ನನಗ ಇಲ್ಲಿ ಭಾಳ ಸುಖ ಅದ," ಎಂದರು. "ನಸುಕಿನ್ಯಾಗ ಗಂಗಿ, ಆಮ್ಯಾಲೆ ಘಾಟಿನ ಆ ಜಗಲಿ ಕಟ್ಟಿ ಮ್ಯಾಲಿನ ಹರಟಿ. ಇಷ್ಟು ನಕ್ಕು ಎಷ್ಟ ವರ್ಷ ಆಗಿತ್ತೋ. ನಾ ಹೋಗಾಕಿ ಅಲ್ಲ. ನೀನ ಅವಂಗ ಹೇಳು."

ಹೇಳಿದೆ. ನನಗೂ ಅವರು ಉಳಿಯುವುದೇ ಬೇಕಿತ್ತು. ಅವರು ಬಂದ ಮೇಲೆ ನಮ್ಮ ಮನೆಯಲ್ಲಿ ಕನ್ನಡಕ್ಕೆ ಜೀವ ಬಂದಿತ್ತು. ಆದರೆ ಮೈದುನ ಗಣಿತದವನು, ನಾನು ಕಾರಣ ಹೇಳುವ ಮೊದಲೇ ತಡೆದ. "ವೈನಿ, ಪೇಪರ್ ತಗದವರು ನೀವ, ತಿದ್ದಿದವರು ನೀವ. ಈಗ ರಿಸಲ್ಟ್ ತಪ್ಪು ಅಂದ್ರ ಹ್ಯಾಂಗ?" ಎಂದ. ಪ್ರಶ್ನಾವಳಿಗೆ 'ಬಿಟ್ಟದ್ದು ಏನು, ಯಾಕೆ' ಎಂಬ ಸಾಲು ಸೇರಿಸಿದೆ. ವಿದ್ಯಾರ್ಥಿಗಳು ಮುಸಿಮುಸಿ ನಕ್ಕರು. ನಗಲಿ ಬಿಡಿ.

ಮುಂದಿನ ವಾರ ಮೈದುನ ಬಂದಿಳಿದ. ಕಳೆದ ವರ್ಷಕ್ಕಿಂತ ಅಂಗಿ ಸಡಿಲವಾಗಿತ್ತು. ಬಂದವನೇ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಚೀಲ ಸುರಿದ. ಮುಳ್ಳಿನ ತೊಟ್ಟಿನ, ಪುಟ್ಟ ಪುಟ್ಟ ಹಸಿರು ಬದನೆಕಾಯಿ. ಅವ್ವ ಊಟ ಬಿಟ್ಟಿದ್ದಾಳೆಂದು ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ಅತ್ತೆ ಒಂದನ್ನು ಕೈಗೆತ್ತಿಕೊಂಡು ಸವರಿ, ಮತ್ತೆ ಇಟ್ಟರು.

"ಇದನ್ನ ಗಂಗ್ಯಾಗ ಬಿಟ್ಟೀನಪಾ."

"ಎಲ್ಲಾನೂ ಬಿಡು. ಮನಿ ಬಿಟ್ಟಿ, ಊಟ ಬಿಟ್ಟಿ, ಈಗ ಬದನೀಕಾಯಿನೂ ಬಿಟ್ಟಿ," ಎಂದ ಮೈದುನ. ಖಾಲಿ ಚೀಲವನ್ನು ಸಿಟ್ಟಿನಲ್ಲಿ ಮಡಚಿ, ಮತ್ತೆ ಬಿಚ್ಚಿ, ಮತ್ತೆ ಮಡಚಿದ.

ಅತ್ತೆ ಅವನ ಸಡಿಲವಾದ ಅಂಗಿಯನ್ನು ನೋಡಿದರು. "ಕೂಡು ಇಲ್ಲಿ," ಎಂದರು. "ನಿಮ್ಮ ವೈನಿ ನನಗ ಕೇಳಿದ್ದು ನಿನಗೂ ಕೇಳ್ತೀನಿ. ಹೌದು ಇಲ್ಲಾ, ಅಷ್ಟ ಹೇಳಬೇಕು. ಊಟ ಕಡಿಮಿ ಆಗೇದೇನು?"

"ಸಾಲಿಯಿಂದ ಬಂದು ಅವಲಕ್ಕಿ ತಿಂತೀನಲ್ಲ..."

"ಹೌದೋ ಇಲ್ಲೋ?"

"ಹೌದು."

"ಬೆಳಕ ಹರಿಯೂಕಿಂತ ಮೊದಲ ಎಚ್ಚರ ಆಗ್ತದೇನು?"

"ಹೂಂ."

"ಇಷ್ಟ ಇದ್ದದ್ದು ಏನರೆ ಬಿಟ್ಟೀಯೇನು?"

ಅವನು ಬದನೆಕಾಯಿಗಳನ್ನು ಒಂದರ ಪಕ್ಕ ಒಂದು ಜೋಡಿಸತೊಡಗಿದ. ಹುಬ್ಬಳ್ಳಿಯಲ್ಲಿ ಪ್ರತಿ ಶನಿವಾರ ಇವನು ತಬಲಾ ಬಾರಿಸಿದರೆ ಅತ್ತೆ ತಾಳ ಹಾಕುತ್ತಿದ್ದರು. "ಭಜನಿಗೆ ಹೋಗೂದು ಬಿಟ್ಟೀನಿ," ಎಂದ.

"ದೂರ ಆಗೀನಿ ಅನಸ್ತದೇನು?"

"ಹೂಂ," ಎಂದ, ಬದನೆಕಾಯಿಗಳಿಂದ ತಲೆ ಎತ್ತದೆ. ಸಾವಿನ ಪ್ರಶ್ನೆಯನ್ನು ಅತ್ತೆ ಕೇಳಲಿಲ್ಲ. ತಾಯಿಯಾದವಳು ಮಗನಿಗೆ ಕೇಳುವ ಪ್ರಶ್ನೆಯಲ್ಲ ಅದು. ಇಡೀ ಹನುಮಾನ್ ಘಾಟಿನಲ್ಲಿ ತಪ್ಪಿದ ನನ್ನ ಪ್ರಶ್ನಾವಳಿ ಅಡುಗೆಮನೆಯಲ್ಲಿ ಸರಿಯಾಗಿ ಒಬ್ಬನನ್ನು ಹಿಡಿದಿತ್ತು. ಸಂತೋಷಪಡಲು ನನ್ನಿಂದ ಆಗಲಿಲ್ಲ.

ಅತ್ತೆ ಎದ್ದು ಕಿಟಕಿಯ ಹತ್ತಿರ ಹೋದರು. ಅಲ್ಲಿಂದ ಗಂಗೆ ಕಾಣುವುದಿಲ್ಲ, ಎದುರು ಮನೆಯ ನೀರಿನ ಟಾಕಿ ಕಾಣುತ್ತದೆ. ಅದನ್ನೇ ನೋಡುತ್ತ ನಿಂತಿದ್ದು, ಸೆರಗಿನಿಂದ ಮುಖ ಒರೆಸಿಕೊಂಡು ತಿರುಗಿದರು.

"ಟಿಕೆಟ್ ಯಾವಾಗಿಂದು?"

"ಶುಕ್ರವಾರದ್ದು."

ಅತ್ತೆ ಕಟ್ಟೆಯ ಮುಂದೆ ಕೂತು ಈಳಿಗೆಮಣೆ ಎಳೆದುಕೊಂಡರು. ಒಂದು ಬದನೆಕಾಯಿ ಎತ್ತಿ ನಾಲ್ಕು ಸೀಳು ಮಾಡಿ ನೀರಿಗೆ ಹಾಕಿದರು. ನಾನು ಗಾಬರಿಯಾಗಿ, "ಅತ್ಯಾ, ಬಿಟ್ಟೀರಲ್ಲ!" ಎಂದೆ.

"ಕಾಶಿಗೆ ಬಂದು ಪ್ರೀತಿದ್ದು ಒಂದು ಬಿಡಬೇಕು. ಒಂದ ಸಾಕು, ಎರಡು ಬಿಡೂವಷ್ಟು ಪುಣ್ಯ ನನಗ ಬ್ಯಾಡ," ಎಂದರು ಅತ್ತೆ. "ಈಗ ಕಾಶೀನ ಬಿಟ್ಟೆ. ನೀ ಶೇಂಗಾ ಹುರಿ."