ಹಕ್ಕಿ ಕಾಯುವ ತಗಡಿನ ಹೆಂಗಸು

ಬೆಳಕು ಹರಿಯುವ ಹೊತ್ತು. ಮುರಗೋಡದ ಹೊರವಲಯದ ಹೊಲದಲ್ಲಿ ಬಿಳಿಜೋಳ ಹಾಲುಗಾಳು ಕಟ್ಟಿದೆ. ನಡುವಿನ ಕಂಬಕ್ಕೆ ಏಣಿ ಒರಗಿಸಿ, ಮೇಲೆ ನಿಂತು ನೀಲಪ್ಪ ಅದರ ತುದಿಗೆ ಕೂರಿಸಿದ ಸೈಕಲ್ ಚಕ್ರದ ನಡುವಿನ ಹಬ್ಬಿಗೆ ಗ್ರೀಸು ತುಂಬುತ್ತಿದ್ದಾರೆ. ಹಬ್ಬಿನ ಒಂದು ತುದಿಗೆ ಎಣ್ಣೆ ಡಬ್ಬಿಯ ತಗಡಿನಿಂದ ಕತ್ತರಿಸಿದ ಐದು ರೆಕ್ಕೆ. ಇನ್ನೊಂದು ತುದಿಗೆ ಮೊಳದುದ್ದದ ಹೆಂಗಸು. ಮೈ ಜಾಲಿ ಕಟ್ಟಿಗೆಯದು, ಸೀರೆ ತಗಡಿನದು.

ಮೂಡಣ ಗಾಳಿ ಬೀಸುತ್ತದೆ. ರೆಕ್ಕೆ ತಿರುಗಿದಂತೆ ಬಾಗಿಸಿದ ಸಲಾಕೆ ಹೆಂಗಸಿನ ಕೈಗೆ ಕಟ್ಟಿದ ತಂತಿಯನ್ನು ಎಳೆಯುತ್ತದೆ. ಎರಡೂ ಕೈ ಎದ್ದು ಮುಂದಿನ ಸ್ಟೀಲ್ ತಾಟಿನ ಮೇಲೆ ಬೀಳುತ್ತವೆ. ಠಣ್. ತುಸು ತಡೆದು, ಠಣ್ ಠಣ್. ತೆನೆಗಳ ಮೇಲಿಂದ ಗುಬ್ಬಿಗಳ ಹಿಂಡು ಭರ್ರನೆ ಏಳುತ್ತದೆ.

‘ಒಂದ ಸಮ ಬಡದ್ರ ಹಕ್ಕಿ ಅಂಜೂದಿಲ್ರಿ. ಎರಡ ದಿನದಾಗ ರೂಢಿ ಮಾಡ್ಕೋತಾವು. ಅದಕ್ಕ ಸಲಾಕಿ ಸೊಟ್ಟ ಬಗ್ಗಿಸೇನಿ’ ಎಂದು ನನಗೆ ಹೇಳುತ್ತ ನೀಲಪ್ಪ ಕೆಳಗಿಳಿಯುತ್ತಾರೆ. ‘ಇದನ್ನ ಹೇಳಿಕೊಟ್ಟಾಕಿ ನಮ್ಮ ಮನಿಯಾಕಿ.’

ಅರವತ್ತೆರಡರ ನೀಲಪ್ಪ ಮೊದಲು ಸೈಕಲ್ ರಿಪೇರಿ ಮಾಡುತ್ತಿದ್ದವರು. ಹೆಂಡತಿ ಕೃಷ್ಣವ್ವ ಸುಗ್ಗಿಯ ಎರಡು ತಿಂಗಳು ಕೂಲಿಗೆ ಹಕ್ಕಿ ಕಾಯುತ್ತಿದ್ದರು. ಮುಂಜಾನೆಯಿಂದ ಸಂಜೆಯವರೆಗೆ ಅಟ್ಟದ ಮೇಲೆ ನಿಂತು ಕವಣೆ ಬೀಸುವುದು, ಕೂಗುವುದು. ಹದಿನಾರು ವರ್ಷದ ಹಿಂದೆ ಆ ಅಟ್ಟದ ಕಾಲು ಮುರಿಯಿತು. ಗೆದ್ದಲು ತಿಂದಿದೆ ಎಂದು ಕೃಷ್ಣವ್ವ ಎರಡು ದಿನ ಮೊದಲೇ ಹೊಲದವರಿಗೆ ಹೇಳಿದ್ದರು. ನೋಡೋಣ ಅಂದಿದ್ದರಂತೆ.

ಬದುವಿನ ಕಲ್ಲಿನ ಮೇಲೆ ಬೆನ್ನು ಕೆಳಗಾಗಿ ಬಿದ್ದವರನ್ನು ಟೆಂಪೋದಲ್ಲಿ ಬೈಲಹೊಂಗಲಕ್ಕೆ, ಅಲ್ಲಿಂದ ಬೆಳಗಾವಿಗೆ ಒಯ್ದರು. ಸೊಂಟದ ಕೆಳಗೆ ಸ್ಪರ್ಶ ಮರಳಲಿಲ್ಲ. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ ಎಂದರು ಡಾಕ್ಟರು. ನೀಲಪ್ಪ ಅಂಗಡಿ ಮುಚ್ಚಿ ಮನೆಯಲ್ಲಿ ಕುಳಿತರು. ಮೂರನೇ ವಾರ ಹೊಲದವರ ಆಳು ಬಂದು ಬಾಗಿಲಲ್ಲಿ ನಿಂತ.

‘ಹಕ್ಕಿ ತೆನಿ ಖಾಲಿ ಮಾಡಾಕತ್ತಾವು, ಆಕೀ ಬದ್ಲಿ ಯಾರನ್ನರ ಕಳಸು ಅಂದ್ನರಿ. ನನಗ ಸಿಟ್ಟ ಬರಲಿಲ್ಲ, ಅಳುನೂ ಬರಲಿಲ್ಲ. ಮೂಲ್ಯಾಗ ತಗಡ ಬಿದ್ದಿತ್ತು. ಕತ್ತರಸಾಕ ಕುಂತ್ನಿ.’

ಗಾಳಿಗೆ ತಿರುಗಿ ತಾಟು ಬಡಿಯುವ ಇಂಥ ಒಂದು ಗಿರಕಿ ನಾಲ್ಕು ದಿನಕ್ಕೆ ತಯಾರಾಗುತ್ತದೆ. ಮೊದಲನೆಯದನ್ನು ನೋಡಿ ಪಕ್ಕದ ಹೊಲದವರು ಕೇಳಿದರು, ಆಮೇಲೆ ಸಂಪಗಾಂವದವರು. ಮೂರನೇ ಸುಗ್ಗಿಗೆ ನಲವತ್ತು ಹೊಲಗಳಲ್ಲಿ ತಗಡಿನ ಹೆಂಗಸರು ತಾಟು ಬಡಿಯುತ್ತಿದ್ದರು. ಅಷ್ಟೇ ಅಟ್ಟಗಳು ಖಾಲಿಯಾದವು. ಅವುಗಳ ಮೇಲೆ ನಿಲ್ಲುತ್ತಿದ್ದವರೆಲ್ಲ ನೀಲಪ್ಪನವರ ಕೇರಿಯ ಹೆಣ್ಣುಮಕ್ಕಳೇ.

ಎದುರು ಮನೆಯ ಸತ್ತೆವ್ವ ಒಂದು ದಿನ ಅಂಗಳದಲ್ಲಿ ನಿಂತು ಕೇಳಿದರು: ‘ನಿನ್ನ ಹೇಣ್ತಿ ನಡ ಮುರದ್ರ, ನಮ್ಮ ಹೊಟ್ಟಿ ಮ್ಯಾಲ ಯಾಕ ಹೊಡದಿ ನೀಲಪ್ಪ?’

ಗಿರಕಿ ಮಾಡುವುದನ್ನು ಬಿಟ್ಟರೆ ಹೆಂಡತಿಯ ಔಷಧಿಗೆ ಬೇರೆ ದಾರಿ ಇರಲಿಲ್ಲ. ಆ ವಾರ ಎರಡು ಗಿರಕಿಗಳನ್ನು ಯಾರೋ ಕಲ್ಲಿನಿಂದ ಜಜ್ಜಿದರು. ನೀಲಪ್ಪ ಯಾರನ್ನೂ ದೂರಲಿಲ್ಲ, ಎತ್ತಿಕೊಂಡು ಬಂದು ರಿಪೇರಿ ಮಾಡಿದರು. ವರ್ಷಗಟ್ಟಲೆ ಆ ಮನೆಯ ಹೊಸ್ತಿಲನ್ನು ಕೇರಿಯವರು ತುಳಿಯಲಿಲ್ಲ. ಹೊಸ ಗಿರಕಿಯನ್ನು ಕಿಟಕಿಯ ಹೊರಗೆ ಕಟ್ಟುವುದು, ಒಳಗೆ ಮಲಗಿದ ಕೃಷ್ಣವ್ವ ಸದ್ದು ಕೇಳಿ ಸರಿ, ತಪ್ಪು ಹೇಳುವುದು. ಇಬ್ಬರ ಮಾತುಕತೆ ಬಹುಪಾಲು ಅದೇ.

ಹದಿನಾಲ್ಕು ವರ್ಷ ಹಾಸಿಗೆಯಲ್ಲಿದ್ದು, ಹೋದ ವರ್ಷದ ಹಿಂದಿನ ಶ್ರಾವಣದಲ್ಲಿ ಕೃಷ್ಣವ್ವ ತೀರಿಕೊಂಡರು. ಹುಣ್ಣೇ ಕಡೆಗೆ ಗೆದ್ದಿತು. ಮೈ ತೊಳೆಯಲು ಯಾರನ್ನು ಕರೆಯಲಿ ಎಂದು ನೀಲಪ್ಪ ಕುಳಿತಿದ್ದಾಗ, ಸತ್ತೆವ್ವ ಕೊಡ ಹಿಡಿದು ತಾವಾಗಿಯೇ ಒಳಗೆ ಬಂದರು.

‘ತೊಳದ ಮ್ಯಾಲ ಕೇಳಿದ್ಳರಿ, ನಾ ಅವತ್ತ ಅಂದಿದ್ದು ಆಕೀಗೆ ಕೇಳಸಿತ್ತೇನು ಅಂತ. ಕೇಳಸಿತ್ತಬೇ ಅಂದ್ನಿ. ಸುಳ್ಳ ಯಾಕ ಹೇಳ್ಲಿ. ಇಬ್ರೂ ಗ್ವಾಡಿಗೆ ಬೆನ್ನ ಹಚ್ಚಿ ಭಾಳೊತ್ತ ಕುಂತ್ವಿ.’

ಈಗ ಜೋಳದ ಹೊಲಗಳಿಗೆ ಕಬ್ಬು ಬರುತ್ತಿದೆ. ಕಬ್ಬಿಗೆ ಹಕ್ಕಿ ಕಾಯಬೇಕಿಲ್ಲ. ಈ ಸುಗ್ಗಿಗೆ ಬಂದದ್ದು ಏಳೇ ಗಿರಕಿಗಳ ಬೇಡಿಕೆ. ನೀಲಪ್ಪನವರ ಕಣ್ಣು ಮಂಜಾಗಿದೆ. ಹೆದ್ದಾರಿಯ ಡಾಬಾದವರು ಕುಣಿಯುವ ಗೊಂಬೆ ಮಾಡಿಕೊಡಿ ಎಂದಿದ್ದರಂತೆ; ಇವರು ಒಪ್ಪಲಿಲ್ಲ.

ಮತ್ತೆ ಇನ್ನೇನು ಮಾಡುತ್ತೀರಿ ಎಂದು ಕೇಳುತ್ತೇನೆ. ನೀಲಪ್ಪ ಏಣಿಯನ್ನು ಹೆಗಲಿಗೇರಿಸಿಕೊಳ್ಳುತ್ತಾರೆ.

‘ಕಣ್ಣ ಪೂರಾ ಹೋಗೂದ್ರಾಗ ಇನ್ನೊಂದ ಮಾಡೂದೈತ್ರಿ. ಯಾರ ಹೊಲಕ್ಕೂ ಅಲ್ಲ, ನಮ್ಮ ಮನಿ ಮಾಳಗಿ ಮ್ಯಾಲ ಇಡಾಕ. ಆಕಿ ಏನೂ ಬಡೀಬಾರದು, ಯಾರ ಹಕ್ಕೀನೂ ಕಾಯಬಾರದು. ಗಾಳಿ ಬಂತಂದ್ರ ಬೀಸಣಿಕಿ ಬೀಸ್ಕೋತ ಆರಾಮ ಕುಂದರಬೇಕು.’