ಎನೆಲೆಸಿ ನೀರಿಗೆ ಹೋದದ್ದು

ಜೊಂಬಾ ಬೆಟ್ಟದ ಮೇಲೆ ಮೋಡ ಕೂತಿತೆಂದರೆ ಅದರ ಒಂದು ತುಣುಕು ಎನೆಲೆಸಿಯ ಅಂಗಡಿಯೊಳಕ್ಕೂ ಬಂದು ಕೂರುತ್ತಿತ್ತು. ಕಾಲೇಜಿನಿಂದ ಮಾರುಕಟ್ಟೆಗೆ ಇಳಿಯುವ ದಾರಿಯಲ್ಲಿ, ದರ್ಜಿಯ ಮಳಿಗೆಗೂ ಮಾಂದಾಸಿ ಎಂಬ ಹಿಟ್ಟಿನುಂಡೆ ಕರಿಯುವ ಫನೆಸಿಯ ಒಲೆಗೂ ನಡುವೆ ಇದ್ದ ಒಂಟಿ ಬಾಗಿಲಿನ ಕೋಣೆ ಅದು. ಒಳಗೆ ಒಂದು ಕಂಪ್ಯೂಟರು, ಒಂದು ಪ್ರಿಂಟರು, ಮತ್ತು ಅವಳು. ಮೇಷ್ಟರುಗಳು ತಮ್ಮ ಸಂಶೋಧನೆಯ ಲೇಖನಗಳನ್ನು ದೂರದೇಶದ ಪತ್ರಿಕೆಗಳಿಗೆ ಕಳಿಸುವ ಮುಂಚೆ ಅವಳ ಕೈಗೆ ಒಪ್ಪಿಸುತ್ತಿದ್ದರು. ಸಾಲುಗಳ ನಡುವೆ ಸಾಕಷ್ಟು ಜಾಗ ಬಿಡಬೇಕು, ಅಂಚಿನಲ್ಲಿ ಸಾಲಿನ ಅಂಕಿ ಬರಬೇಕು, ಕೋಷ್ಟಕಗಳು ಬೇರೆ ಹಾಳೆಗೆ ಹೋಗಬೇಕು. ಆಧಾರಗ್ರಂಥಗಳ ಪಟ್ಟಿಯಲ್ಲಿ ಒಂದು ಪತ್ರಿಕೆಗೆ ಲೇಖಕರ ಹೆಸರಿನ ಪಕ್ಕ ಅಲ್ಪವಿರಾಮ ಬೇಕು. ಇನ್ನೊಂದಕ್ಕೆ ಅದನ್ನು ಕಂಡರೇ ಆಗದು.

"ಪತ್ರಿಕೆ ಅಂದ್ರೆ ಅತ್ತೆಯರಿದ್ದ ಹಾಗೆ," ಎನ್ನುತ್ತಿದ್ದಳು. "ಒಬ್ಬಳಿಗೆ ಉಪ್ಪು ಕಮ್ಮಿ, ಇನ್ನೊಬ್ಬಳಿಗೆ ಜಾಸ್ತಿ. ಸಾರು ಮಾತ್ರ ಅದೇ."

ಹುಡುಗಿಯಾಗಿದ್ದಾಗ ಕಾಲೇಜಿನ ಕಚೇರಿಯಲ್ಲಿ ಟೈಪಿಸ್ಟಾಗಿ ಸೇರಿದವಳು, ಗಂಡ ತೀರಿಕೊಂಡ ಮೇಲೆ ಈ ಅಂಗಡಿ ಇಟ್ಟಳು. ಮಕ್ಕಳಿರಲಿಲ್ಲ. ಕೆಲಸ ಅಚ್ಚುಕಟ್ಟು, ಆದರೆ ಅವಳಿಗೊಂದು ರೋಗವಿತ್ತು: ಕೆಲಸ ಮಾಡುತ್ತಲೇ ಎಲ್ಲಿಗೋ ಹೊರಟುಹೋಗುವುದು. ಕಡಲೆಗಿಡದ ಎಲೆಚುಕ್ಕೆ ರೋಗದ ಲೇಖನ ಸಿಕ್ಕಿದರೆ ಆ ಹೊಲದ ಬದುವಿನಲ್ಲಿ ನಿಂತುಬಿಡುವಳು. ಹಳೆಯ ಪ್ರಾರ್ಥನಾಗೀತೆಗಳ ಲೇಖನವಾದರೆ ಅವಳ ಬೆರಳುಗಳೇ ತಾಳ ಹಿಡಿಯುತ್ತಿದ್ದವು. ಜೊಂಬಾ ಬಿಟ್ಟು ಅವಳು ನೋಡಿದ ಊರುಗಳು ಬೆರಳೆಣಿಕೆಯಷ್ಟು. ಆದರೂ ಹಾಳೆಯ ಬಿಳಿ ಅಂಚಿನಲ್ಲಿ ಅಂಕಿಗಳು ಒಂದರ ಕೆಳಗೊಂದು ಇಳಿಯುತ್ತಿದ್ದ ಹಾಗೆ, ಮೆಟ್ಟಿಲಿಳಿದಂತೆ ಅವಳೂ ಎಲ್ಲಿಗೋ ಇಳಿದುಹೋಗುವಳು.

"ಮಾಯಿ ಮತ್ತೆ ಊರುಬಿಟ್ರು ನೋಡ್ರಪ್ಪ," ಎಂದು ಫನೆಸಿ ಬಾಗಿಲಿಂದ ಕೂಗುತ್ತಿದ್ದಳು. "ಬರ್ತಾ ನನಗೂ ಏನಾದ್ರೂ ತನ್ನಿ!" ಆ ಕಡೆ ದೊಡ್ಡ ಹೆಂಗಸರನ್ನೆಲ್ಲ ಮಾಯಿ, ಅಂದರೆ ಅಮ್ಮ, ಎಂದೇ ಕರೆಯುವುದು.

ಒಂದು ದಿನ ಕಾಲೇಜಿನ ಮೇಷ್ಟರು ಡಾಕ್ಟರ್ ಮಟೆವೇರೆಯ ಲೇಖನ ಪತ್ರಿಕೆಯಿಂದ ವಾಪಸು ಬಂತು. ಬೆಟ್ಟದಾಚೆಯ ಬಯಲಲ್ಲಿರುವ ಚಿಲ್ವಾ ಸರೋವರದ ಬೆಸ್ತರು ನೀರಿನ ಮೇಲಿನ ಜಾಗಗಳಿಗೆ ಕೊಟ್ಟ ಹೆಸರುಗಳ ಬಗ್ಗೆ ಬರೆದದ್ದು. ಆ ಸರೋವರ ಆಗಾಗ ಪೂರ್ತಿ ಬತ್ತಿಹೋಗುತ್ತದೆ, ವರ್ಷ ಕಳೆದು ಮತ್ತೆ ತುಂಬುತ್ತದೆ. ನೀರು ಹೋದರೂ ಹೆಸರುಗಳು ಹೋಗುವುದಿಲ್ಲ. ಅದೇ ಲೇಖನದ ತಿರುಳು. ಪತ್ರಿಕೆಯವರು ಮೆಚ್ಚಿದ್ದರು, ಆದರೆ ಆ ಜಾಗಗಳನ್ನೆಲ್ಲ ತೋರಿಸುವ ನಕ್ಷೆಯೊಂದು ತಿಂಗಳ ಕೊನೆಯೊಳಗೆ ಬೇಕು ಎಂದಿದ್ದರು. ಮಟೆವೇರೆಯೋ ಬೈಕಿನಿಂದ ಬಿದ್ದು ಕಾಲಿಗೆ ಪ್ಲಾಸ್ಟರು ಹಾಕಿಸಿಕೊಂಡು ಮಲಗಿದ್ದ. ಎನೆಲೆಸಿ ಹಾಳೆಗಳನ್ನು ಹಿಡಿದು ಅವನ ಮನೆಗೆ ಹೋದಳು.

"ಯಾರಾದ್ರೂ ದೋಣೀಲಿ ಹೋಗಿ ಗುರುತು ಹಾಕ್ಕೊಂಡು ಬರ್ಬೇಕು, ಮಾಯಿ. ವಿದ್ಯಾರ್ಥಿಗಳೆಲ್ಲ ರಜಕ್ಕೆ ಹೋಗಿದಾರೆ. ಈ ಲೇಖನ ಹೋಯ್ತು ಅಂತ ತಿಳ್ಕೊಳಿ."

"ನಾನು ಹೋಗ್ತೀನಿ," ಎಂದಳು ಎನೆಲೆಸಿ. ಹೇಳಿದ ಮೇಲೆ ಅದು ತನ್ನದೇ ದನಿ ಎಂದು ಅವಳಿಗೆ ಗೊತ್ತಾಯಿತು.

"ನೀವಾ? ನಿಮಗೆ ಈಜು ಬರುತ್ತಾ?"

"ಇಲ್ಲ. ನಿಮಗೆ ಬರುತ್ತಾ ಮೇಷ್ಟ್ರೇ?"

"ನನಗೂ ಬರಲ್ಲ," ಎಂದು ಮಟೆವೇರೆ ನಕ್ಕು, ಜಾಗದ ಗುರುತು ಹಿಡಿದಿಡುವ ಪುಟ್ಟ ಯಂತ್ರವನ್ನು ಅವಳ ಕೈಗಿಟ್ಟ. ಪ್ರತಿ ಜಾಗದಲ್ಲೂ ಒಂದು ಗುಂಡಿ ಒತ್ತಿದರೆ ಸಾಕು.

ಮಿನಿಬಸ್ಸಿನಲ್ಲಿ ಭತ್ತದ ಗದ್ದೆಗಳನ್ನು ದಾಟಿ ಕಚುಲು ದಂಡೆ ತಲುಪುವಾಗ ಬಿಸಿಲೇರಿತ್ತು. ಮಟೆವೇರೆ ಹೇಳಿಟ್ಟಿದ್ದ ಜಫಾಲಿ ಎಂಬ ಬೆಸ್ತ ಮರದ ದೋಣಿಯೊಂದರಲ್ಲಿ ದೋಣಿ ನೂಕುವ ಉದ್ದನೆಯ ಗಳು ಊರಿಕೊಂಡು ನಿಂತಿದ್ದ. ಅವಳಿಗಿಂತ ತುಸು ಹಿರಿಯ. ಗಡ್ಡ ಬೆಳ್ಳಗಾಗಿತ್ತು, ತೋಳಿಗೆ ಇನ್ನೂ ವಯಸ್ಸಾಗಿರಲಿಲ್ಲ.

"ಮೇಷ್ಟ್ರು ಬರ್ತಾರೆ ಅಂದಿದ್ರು. ಮೇಷ್ಟ್ರ ಅಮ್ಮನ್ನ ಕಳಿಸಿದಾರಾ?"

"ನಿನ್ನ ತಂಗಿ ಅಂದ್ಕೊ ಅಣ್ಣ. ದೋಣಿ ಮಾತ್ರ ಮುಳುಗಿಸ್ಬೇಡ."

"ಇಲ್ಲಿ ಮುಳುಗೋಕೆ ನೀರೆಲ್ಲಿದೆ ತಾಯಿ? ನಿಂತ್ರೆ ಎದೆಮಟ್ಟ. ಸಾಯ್ಬೇಕು ಅಂದ್ರೆ ಬಗ್ಗಿ ಹುಡುಕ್ಬೇಕು!"

ಆಪು ಹುಲ್ಲು ಎರಡೂ ಕಡೆ ಆಳೆತ್ತರ ಬೆಳೆದು ನಿಂತಿತ್ತು. ಅದರ ನಡುವಿನ ನೀರಿನ ಓಣಿಯಲ್ಲಿ ದೋಣಿ ಸದ್ದಿಲ್ಲದೆ ಸಾಗಿತು. ಓಣಿ ಮುಗಿದದ್ದೇ ಬೂದುಬಣ್ಣದ ನೀರು ಆಕಾಶದವರೆಗೂ ಬಿಚ್ಚಿಕೊಂಡಿತು. ಎಲ್ಲಿ ನೀರು ಮುಗಿಯಿತು, ಎಲ್ಲಿ ಆಕಾಶ ಹುಟ್ಟಿತು, ಹೇಳುವಂತಿರಲಿಲ್ಲ. ಎನೆಲೆಸಿ ದೋಣಿಯ ಅಂಚನ್ನು ಗಟ್ಟಿಯಾಗಿ ಹಿಡಿದಳು. ಆಮೇಲೆ ಯಾವಾಗಲೋ ಹಿಡಿತ ತಾನಾಗಿ ಸಡಿಲವಾಯಿತು.

ಜಫಾಲಿ ಗಳು ನಿಲ್ಲಿಸಿ ಹೇಳುವನು, ಅವಳು ಗುಂಡಿ ಒತ್ತುವಳು. ಇದು 'ಮದುವೆಯವರು ದಾರಿ ತಪ್ಪಿದ್ದು'. ಇದು 'ಉಪ್ಪಿನ ಚೀಲ ಕರಗಿದ್ದು'. ಇದು 'ಅಣ್ಣತಮ್ಮ ಮಾತು ಬಿಟ್ಟದ್ದು'. ಎಲ್ಲ ಕಡೆಯೂ ಅದೇ ನೀರು, ಒಂದು ಕಲ್ಲಿಲ್ಲ, ಒಂದು ಮರವಿಲ್ಲ. ಆದರೆ ಅವನು ಹೆಸರು ಹೇಳಿದ ಕೂಡಲೇ ಆ ಜಾಗ ಬೇರೆಯಾಗಿ ಕಾಣುತ್ತಿತ್ತು, ಖಾಲಿ ಗೋಡೆಯಲ್ಲಿ ಕಿಟಕಿ ತೆರೆದಂತೆ. ದಾರಿ ತಪ್ಪಿದ ಮದುವಣಗಿತ್ತಿ ತಲೆಯ ಮೇಲೆ ಗಂಟು ಹೊತ್ತು ಇಲ್ಲೇ ಎಲ್ಲೋ ಕೂತಿದ್ದಾಳೆ ಅನಿಸಿ ಎನೆಲೆಸಿ ತಿರುಗಿ ನೋಡಿದಳು.

ಒಂದು ಕಡೆ ಆಪು ಹುಲ್ಲಿನ ನಡುಗಡ್ಡೆಯೊಂದು ತೇಲಿ ಬಂದು ನಿಂತು, ಅದರ ಒಡಲಲ್ಲಿ ಸಣ್ಣ ಕೊಲ್ಲಿಯಾಗಿತ್ತು. ಗಾಳಿ ಅಲ್ಲಿಗೆ ಬರುತ್ತಿರಲಿಲ್ಲ.

"ಇದಕ್ಕೇನಂತಾರೆ ಅಣ್ಣ?"

"ಇದಕ್ಕಿಲ್ಲ. ಹೋದ್ಸಲ ಬತ್ತಿ ತುಂಬಿದ ಮೇಲೆ ಆಗಿದ್ದು."

"ಹಾಗಾದ್ರೆ ಒಂದು ಹೆಸರಿಡು."

"ಹೆಸರು ಇಡೋದಲ್ಲ ತಂಗಿ, ಬರೋದು. ಇಲ್ಲಿ ಇನ್ನೂ ಏನೂ ಆಗಿಲ್ಲ."

ಮಧ್ಯಾಹ್ನಕ್ಕೆ ಅಲ್ಲೇ ದೋಣಿ ಕಟ್ಟಿದರು. ತಂದಿದ್ದ ತಣ್ಣಗಿನ ನ್ಸಿಮಾ ಮುದ್ದೆಯನ್ನು ಹುರಿದ ಸಣ್ಣ ಮೀನಿನ ಜೊತೆ ಹಂಚಿಕೊಂಡು ತಿಂದರು. ಜಫಾಲಿ ನೀರಿಗಿಳಿದು ತನ್ನ ಬಲೆ ನೋಡಲು ಹೋದ. ದೋಣಿ ತೊಟ್ಟಿಲಿನಂತೆ ತುಸುತುಸುವೇ ತೂಗುತ್ತಿತ್ತು. ಎನೆಲೆಸಿ ತಲೆವಸ್ತ್ರ ಬಿಚ್ಚಿ ಮುಖಕ್ಕೆ ಹಾಕಿಕೊಂಡಳು. ಕಣ್ಣಿನೊಳಗೆ ಬಿಳಿ ಹಾಳೆಯೊಂದು ಹರಡಿಕೊಂಡಿತು, ಅದಕ್ಕೆ ಅಂಚಿರಲಿಲ್ಲ. ಸಾಲುಗಳು ಅಲೆಗಳಾಗಿ ಒಂದರ ಹಿಂದೆ ಒಂದು ಬಂದವು. ಪಕ್ಕದಲ್ಲಿದ್ದ ಅಂಕಿಗಳು ಒಂದೊಂದಾಗಿ ರೆಕ್ಕೆ ಬಿಚ್ಚಿ ಹಾರಿದವು, ಅವಳು ಯಾವುದನ್ನೂ ಹಿಡಿಯಲು ಹೋಗಲಿಲ್ಲ. ತೀರಿಕೊಂಡ ಗಂಡ ಮೊಣಕಾಲುದ್ದದ ನೀರಿನಲ್ಲಿ ಶೂ ಕೈಯಲ್ಲಿ ಹಿಡಿದು ನಡೆದುಹೋದ. "ಬರ್ತೀಯಾ?" ಎಂದು ಕೇಳಲಿಲ್ಲ, ಸುಮ್ಮನೆ ನಕ್ಕ. ಅವಳೂ ನಕ್ಕಳು.

ಎಚ್ಚರವಾದಾಗ ನೀರು ಹೊಂಬಣ್ಣಕ್ಕೆ ತಿರುಗಿತ್ತು. ಜಫಾಲಿ ದೋಣಿಯ ತುದಿಯಲ್ಲಿ ಕೂತು ಬಲೆ ಹೊಲಿಯುತ್ತಿದ್ದ. ದೂರದಲ್ಲಿ ಎರಡು ದೋಣಿಯ ಬೆಸ್ತರು ಗಳು ಎತ್ತಿ ಹಿಡಿದು, ಸದ್ದು ಮಾಡದೆ ಜಾರಿಹೋಗುತ್ತಿದ್ದರು.

"ಅಯ್ಯೋ, ಎಬ್ಬಿಸ್ಬಾರ್ದಿತ್ತಾ ಅಣ್ಣ? ಸಂಜೆ ಆಗ್ಹೋಯ್ತು!"

"ನೀರಿನ ಮೇಲೆ ಮಲಗಿದೋರನ್ನ ಎಬ್ಬಿಸ್ಬಾರ್ದು. ಹೋದಲ್ಲಿಂದ ವಾಪಸ್ ಬರೋಕೆ ದಾರಿ ತಪ್ಪುತ್ತೆ."

ಅವಳಿಗೆ ನಾಚಿಕೆಯಾಯಿತು. ಆದರೆ ಗಂಡ ಹೋದಂದಿನಿಂದ ಎದೆಯಲ್ಲಿ ಬಿಗಿದುಕೊಂಡಿದ್ದ ಏನೋ ಒಂದು ಅಲ್ಲೇ ನೀರಿಗೆ ಇಳಿದುಹೋಗಿತ್ತು. ಆ ರಾತ್ರಿ ದಂಡೆಯಲ್ಲಿ ಜಫಾಲಿಯ ತಂಗಿಯ ಮನೆಯಲ್ಲಿ ಮಲಗಿ, ಮರುದಿನ ಉಳಿದ ಜಾಗಗಳನ್ನೂ ಮುಗಿಸಿ, ಬಿಸಿಲಿಗೆ ಕಪ್ಪಿಟ್ಟ ಮೂಗಿನೊಂದಿಗೆ ಜೊಂಬಾಕ್ಕೆ ಮರಳಿದಳು.

"ಈ ಸಲ ನಿಜವಾಗ್ಲೂ ಹೋಗಿದ್ರಲ್ಲ ಮಾಯಿ!" ಎಂದಳು ಫನೆಸಿ, ಅವಳು ತಂದ ಒಣಮೀನನ್ನು ಮೂಸುತ್ತ.

ನಕ್ಷೆ ಸಿದ್ಧವಾಯಿತು. ಹೆಸರುಗಳು ಒಂದರ ಮೇಲೊಂದು ಬೀಳದಂತೆ ಎನೆಲೆಸಿ ಕೂರಿಸಿದಳು. ಪತ್ರಿಕೆ ಹೇಳಿದ ಅಳತೆಯಲ್ಲಿ, ಹೇಳಿದ ದಿನದೊಳಗೆ ಅದು ಹೋಯಿತು, ಲೇಖನ ಒಪ್ಪಿಗೆಯೂ ಆಯಿತು. ಅಚ್ಚಿಗೆ ಮುಂಚಿನ ಕರಡು ತಿದ್ದಲು ಬಂದಾಗ ಮಟೆವೇರೆಗೆ ನಡೆದಾಡುವಷ್ಟು ಶಕ್ತಿ ಬಂದಿತ್ತು. ಸರೋವರಕ್ಕೆ ಹೋಗಿಬಂದವನೇ ನೆಟ್ಟಗೆ ಅಂಗಡಿಗೆ ಬಂದ. ಮುಖದ ತುಂಬ ತುಂಟ ನಗು.

"ಏನ್ ಮಾಡಿ ಬಂದ್ರಿ ಮಾಯಿ ಅಲ್ಲಿ?"

"ಯಾಕೆ? ಗುರುತೇನಾದ್ರೂ ತಪ್ಪಿದೆಯಾ?"

"ಹೆಸರಿಲ್ಲದ ಒಂದು ಕೊಲ್ಲಿ ಇತ್ತಲ್ಲ, ಅದಕ್ಕೀಗ ಹೆಸರು ಬಂದಿದೆ. 'ಮಾಯಿ ಮಲಗಿದ್ದು' ಅಂತಾರೆ ಎಲ್ರೂ. ನಕ್ಷೇಲಿ ಸೇರಿಸಿಬಿಡಿ."

ಎನೆಲೆಸಿ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಕಿವಿ ಬಿಸಿಯಾಗಿತ್ತು. "ಆಗಲ್ಲ. ಈಗ ಅಕ್ಷರದ ತಪ್ಪು ಮಾತ್ರ ತಿದ್ದೋದು. ಹೊಸದು ಸೇರಿಸೋ ಹಾಗಿಲ್ಲ."

"ಎಷ್ಟು ಜನಕ್ಕೆ ನೀವು ಕೊನೇ ಗಳಿಗೇಲಿ ಸೇರಿಸಿಕೊಟ್ಟಿಲ್ಲ?"

"ಅವರಿಗೆ ಕೊಟ್ಟಿದೀನಿ. ನನಗೆ ಕೊಟ್ಕೊಳಲ್ಲ."

ಮಟೆವೇರೆ ಅಂಗಲಾಚಿದ, ರೇಗಿಸಿದ, ಫನೆಸಿಯ ಕೈಲೂ ಹೇಳಿಸಿದ. ಅವಳು ಜಗ್ಗಲಿಲ್ಲ. ನಕ್ಷೆ ಹಾಗೆಯೇ ಅಚ್ಚಾಯಿತು. ಆ ಕೊಲ್ಲಿಯ ಜಾಗದಲ್ಲಿ ಬಿಳಿ ಉಳಿಯಿತು.

ಮಳೆಗಾಲ ಕಳೆದು ಮೋಡ ಬೆಟ್ಟ ಬಿಟ್ಟ ಒಂದು ಬೆಳಗ್ಗೆ ಎನೆಲೆಸಿ ಮಾರುಕಟ್ಟೆಗೆ ಹೋದಳು. ಮೀನಿನ ಸಾಲಿನಲ್ಲಿ ಗುರುತಿಲ್ಲದ ಇಬ್ಬರು ಹೆಂಗಸರು ಜಗಳಕ್ಕೆ ನಿಂತಿದ್ದರು.

"ನಿನ್ನ ಮೀನಿಗೇನು ಕೋಡು ಬಂದಿದೆಯೇನೇ, ಅಷ್ಟು ಹೇಳ್ತಿದೀಯಾ?"

"ಇದು ದಂಡೆ ಮೀನಲ್ಲಮ್ಮ, ಮುಟ್ಟಿ ನೋಡು. 'ಮಾಯಿ ಮಲಗಿದ್ದು' ಹತ್ರ ಹಿಡಿದಿದ್ದು. ಅಲ್ಲಿನ ನೀರು ತಣ್ಣಗಿರುತ್ತೆ, ಮೀನು ಕೊಬ್ಬಿರುತ್ತೆ."

"ಯಾವ ಮಾಯಿನೇ ಅದು?"

"ಯಾರಿಗ್ಗೊತ್ತು! ಯಾವ ಕಾಲದೋಳೋ ಏನೋ."

ಎನೆಲೆಸಿ ಮುಂದೆ ಬಂದು ಬುಟ್ಟಿಯಲ್ಲಿದ್ದ ಅತಿ ದಪ್ಪನೆಯ ಮೀನನ್ನು ಆರಿಸಿದಳು, ಚೌಕಾಸಿ ಮಾಡದೆ ಕ್ವಾಚಾ ನೋಟುಗಳನ್ನು ಕೊಟ್ಟು, ಎಲೆಯಲ್ಲಿ ಸುತ್ತಿಸಿಕೊಂಡಳು. ಏರುದಾರಿಯಲ್ಲಿ ಎದುರಾದವರು ನಮಸ್ಕಾರ ಹೇಳಿದರು. ಆಗಲೇ ಊರುಬಿಟ್ಟಿದ್ದ ಅವಳಿಗೆ ಕೇಳಿಸಲಿಲ್ಲ.